ನೇಪಥ್ಯವೂ ಒಂದು ಉದ್ಯೋಗ

1963ರಲ್ಲಿ ಆರಂಭವಾದ ಪುರುಷೋತ್ತಮ ಕರಂಡಕ ಏಕಾಂಕ ಸ್ಪರ್ಧೆ ಪುಣೆಯ ಕಾಲೇಜುಗಳಿಗೆ ಒಂದು ವ್ರತವಿದ್ದಂತೆ. ಅಲ್ಲಿ ಬೆಳಕು, ಧ್ವನಿ, ರಂಗಸಜ್ಜಿಕೆಗಳ ಹೊಣೆ ಹೊತ್ತ ಮಕ್ಕಳಿಗೆ ಪದವಿ ಮುಗಿದೊಡನೆ ‘ಆಟ ಸಾಕು, ಉದ್ಯೋಗ ನೋಡು’ ಎನ್ನುತ್ತೇವೆ. ನೇಪಥ್ಯವೂ ಉದ್ಯೋಗವೇ, ಕಲಿತು ಮಾಡಬೇಕಾದ ಉದ್ಯೋಗ. ಕಲಿಯಲು ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರವಿದೆ. ಕನ್ನಡದಲ್ಲೇ ಕಲಿಯುವವರಿಗೆ 1980ರಲ್ಲಿ ಹೆಗ್ಗೋಡಿನಲ್ಲಿ ಸ್ಥಾಪಿತವಾದ ನೀನಾಸಮ್ ರಂಗಶಿಕ್ಷಣ ಕೇಂದ್ರವಿದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಮೂರು ವರ್ಷಗಳ ಶಿಕ್ಷಣವಿದೆ. ಆದಾಯ ಅನಿಶ್ಚಿತವೆಂಬ ತಾಯ್ತಂದೆಯರ ಅಂಜಿಕೆ ಸುಳ್ಳಲ್ಲ. ಆದರೆ ಅದಕ್ಕೆ ನಾವೂ ಕಾರಣರು. ರಾಜ್ಯೋತ್ಸವದ ನಾಟಕದಂದು ಶಾಮಿಯಾನಕ್ಕೂ ಊಟಕ್ಕೂ ಹಣ ತೆರುವ ಹೊರನಾಡ ಸಂಘಗಳು ಬೆಳಕು ನಿರ್ವಹಿಸಿದವನಿಗೆ ಹಾರ ಹಾಕಿ ಕಳಿಸುವುದುಂಟು. ಹಾರದಿಂದ ಮನೆಬಾಡಿಗೆ ಸಲ್ಲದು. ಮುಂದಿನ ನಾಟಕದ ಆಯವ್ಯಯದಲ್ಲಿ ಮೊದಲ ಸಾಲು ನೇಪಥ್ಯದವರ ಸಂಭಾವನೆಗೆ ಮೀಸಲಾಗಲಿ.