ನೆನಪು ಮಾಸಿದವರಿಗೂ ಒಗ್ಗುವ ಮನೆ: ಮಟಮಾರಿ ಹಾಗೂ ಸುತ್ತಲಿನ ಗ್ರಾಮಸ್ಥರಲ್ಲಿ ಒಂದು ವಿಜ್ಞಾಪನೆ



ಅರವತ್ತಕ್ಕೆ ಅರಳು ಮರಳೆಂಬ ಗಾದೆಯನ್ನು ನುಡಿದು ನಾವು ಸುಮ್ಮನಾಗಿಬಿಡುವ ಅವಸ್ಥೆಯು ಎಷ್ಟೋ ಸಲ ಮುಪ್ಪಿನ ಸಹಜಧರ್ಮವಾಗಿರದೆ, ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಮೆದುಳಿನ ವ್ಯಾಧಿಯಾಗಿರುತ್ತದೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಇದಕ್ಕೆ ಈಡಾಗಿರುವರೆಂದು ಅಂದಾಜು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿಯೂ, ಗಂಡಸರಿಗಿಂತ ಹೆಂಗಸರಲ್ಲಿಯೂ ಇದರ ಪ್ರಮಾಣ ಹೆಚ್ಚು. ಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಔಷಧದಿಂದಾಗದ ಉಪಕಾರದಲ್ಲಿ ಒಂದಂಶವನ್ನು ನೆಲ, ಗೋಡೆ, ಬಾಗಿಲು, ಬೆಳಕುಗಳಿಂದ ಸಾಧಿಸಬಹುದೆಂಬುದೂ, ಅದಕ್ಕೆ ಬೇಕಾದ ಅರ್ಧ ವಿದ್ಯೆ ನಮ್ಮ ಹಳೆಯ ಮನೆಗಳಲ್ಲಿಯೇ ಇತ್ತೆಂಬುದೂ ಈ ಕರಪತ್ರದ ವಾದ.

ನೆಲದಿಂದ ತೊಡಗೋಣ. ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ಹಾಸುವುದೇ ಹೊಸ ಮನೆಯ ಪ್ರತಿಷ್ಠೆಯಾಗಿರುವ ಈ ಕಾಲದಲ್ಲಿ, ಆ ಹೊಳಪೇ ಮನೆಯ ಹಿರಿಯ ಜೀವಕ್ಕೆ ಭಯಕಾರಣವಾಗಬಹುದೆಂಬುದು ಗೌಂಡಿಗೂ ತಿಳಿಯದು, ಯಜಮಾನನಿಗೂ ತಿಳಿಯದು. ಈ ವ್ಯಾಧಿಯಲ್ಲಿ ಕಣ್ಣು ನೆಟ್ಟಗಿದ್ದರೂ ಕಂಡದ್ದನ್ನು ಗ್ರಹಿಸುವ, ವಿಶೇಷವಾಗಿ ಆಳವನ್ನು ಅಳೆಯುವ ಮೆದುಳಿನ ಶಕ್ತಿ ಕುಂದುವುದರಿಂದ, ಬಿಸಿಲು ಬಿದ್ದ ಟೈಲ್ಸು ನೀರು ನಿಂತಂತೆಯೂ, ಬಾಗಿಲ ಬಳಿಯ ಕಪ್ಪು ಕಾಲೊರಸು ತೋಡಿದ ಕುಣಿಯಂತೆಯೂ ತೋರುವುದುಂಟು. ಅಜ್ಜಿ ಅಲ್ಲಿಗೆ ಬಂದು ನಿಂತುಬಿಡುತ್ತಾಳೆ. ನಿರಿಗೆಯನ್ನು ಮೇಲೆತ್ತಿ ಹಿಡಿದು, 'ನೀರಾಗ ಹ್ಯಾಂಗ ಕಾಲಿಡ್ಲೆವ್ವಾ' ಎನ್ನುತ್ತಾಳೆ. ಕೈಹಿಡಿದೆಳೆದ ಸೊಸೆಯು 'ಅತ್ತಿ ಹಟ ಹಿಡದಾಳ' ಎಂದು ನೊಂದುಕೊಳ್ಳುತ್ತಾಳೆ. ಇಬ್ಬರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ ಹಿರಿಯರು ಹಾಸುತ್ತಿದ್ದ, ಹೊಳಪು ಕೊಡದ ಶಹಾಬಾದಿ ಫರಸಿ ಈ ದೃಷ್ಟಿಯಿಂದ ಎಷ್ಟೋ ಮೇಲು. ಹಾಗೆಂದು ಹಳೆಯದೆಲ್ಲವನ್ನೂ ಹೊಗಳುವ ಚಪಲ ನನಗಿಲ್ಲ: ಹಗಲಿನಲ್ಲಿಯೂ ದೀಪ ಬೇಡುವ ನಡುಮನೆಯೂ, ಕಾಲಿಗೆ ತೊಡರುವ ಎತ್ತರದ ಹೊಸ್ತಿಲೂ ಹೋದರೆ ಅಳತಕ್ಕದ್ದೇನೂ ಇಲ್ಲ.

ಇನ್ನು ಪಾಯಖಾನೆಯ ಮಾತು. ಸಂಕೋಚದಿಂದ ನಾವು ಆಡದಿರುವ ಈ ಮಾತೇ ಎಲ್ಲಕ್ಕಿಂತ ಮುಖ್ಯವಾದದ್ದು. ಏಕೆಂದರೆ ಹಾಸಿಗೆ ಒದ್ದೆಯಾದಾಗ ರೋಗ ಬಲಿಯಿತೆಂದು ತಿಳಿಯುವ ಮನೆಯವರು, ಹಿರಿಯರಿಗೆ ದಾರಿಯೇ ಕಾಣಲಿಲ್ಲವೇನೋ ಎಂದು ಆಲೋಚಿಸುವುದು ಅಪರೂಪ. ಹಿತ್ತಲ ಮೂಲೆಯಲ್ಲಿ ಸ್ನಾನದ ಮನೆ, ಪಾಯಖಾನೆ, ಕಟ್ಟಿಗೆಯ ಕೋಣೆಗಳಿಗೆಲ್ಲ ಒಂದೇ ಬಗೆಯ ತಗಡಿನ ಬಾಗಿಲಿದ್ದರೆ ರಾತ್ರಿಯಲ್ಲಿ ಅವರು ಯಾವುದನ್ನು ತಳ್ಳಬೇಕು? ಆ ಒಂದು ಬಾಗಿಲಿಗೆ ಮಾತ್ರ ಬೇರೆ ಗಾಢವರ್ಣ ಬಳಿಯಿರಿ. ಓದು ಮರೆತವರಿಗೂ ತಿಳಿಯುವಂತೆ ಕಣ್ಣಿನ ಮಟ್ಟದಲ್ಲಿ ಚಿತ್ರವೊಂದನ್ನು ಬರೆಸಿರಿ. ಮಂಚದಿಂದ ಅಲ್ಲಿಯವರೆಗೆ ಸಣ್ಣ ದೀಪ ಉರಿಯುತ್ತಿರಲಿ. ಬಿಳಿಯ ಗೋಡೆ, ಬಿಳಿಯ ನೆಲಗಳ ನಡುವೆ ಬಿಳಿಯ ಕಮೋಡು ಕಾಣದೆಯೇ ಹೋಗುವುದರಿಂದ, ಅದರ ಮೇಲೆ ಬಣ್ಣದ ಸೀಟನ್ನು ಕೂಡಿಸಿದರೆ ಸಾಕು. ಕನ್ನಡಿಯಲ್ಲಿ ತನ್ನದೇ ಮುಖವನ್ನು ಪರಕೀಯನೆಂದು ಭ್ರಮಿಸಿ ಬೆದರುವವರಿದ್ದರೆ ಅದಕ್ಕೊಂದು ಬಟ್ಟೆ ಹೊದಿಸಿರಿ.

ಸಂಜೆಯಾಗುತ್ತಲೇ 'ಮನಿಗಿ ಹೋಗ್ತೀನಿ' ಎಂದು ಸ್ವಂತ ಮನೆಯಿಂದಲೇ ಹೊರಡುವವರನ್ನು ಒಳಗಿಟ್ಟು ಚಿಲಕ ಹಾಕುವುದು ಸುಲಭ. ರೈಲುಹಳಿ ಹಾದುಹೋಗಿರುವ ನಮ್ಮಂಥ ಊರಿನಲ್ಲಿ ಆ ಭೀತಿ ಅಕಾರಣವೂ ಅಲ್ಲ. ಆದರೆ ಮುಚ್ಚಿದ ಕದವು ತಳಮಳವನ್ನು ಹೆಚ್ಚಿಸುತ್ತದೆ. ನೆದರ್ಲೆಂಡಿನ ವೇಸ್ಪ್ ಎಂಬಲ್ಲಿ 2009ರಲ್ಲಿ ತೆರೆದ ಹೋಗವೇಕ್ ಎಂಬ ವಸತಿಯಲ್ಲಿ, ಇಂಥವರು ಅಂಗಡಿ ಬೀದಿ ತೋಟಗಳಲ್ಲಿ ನಿರಾತಂಕವಾಗಿ ಅಡ್ಡಾಡುವಂತೆ ಇಡೀ ಕೇರಿಯನ್ನೇ ಸುತ್ತುಗಟ್ಟಿನೊಳಗೆ ರಚಿಸಿದ್ದಾರೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರು ಇಂಥ ರೋಗಿಗಳಿಗೆಂದೇ ಕೇಂದ್ರವೊಂದನ್ನು ನಡೆಸುತ್ತಿದ್ದಾರೆ. ನಮಗೆ ಅಷ್ಟು ದೂರವೂ, ಅಷ್ಟು ಹಣವೂ ಎಟುಕದು. ಆದರೆ ಬೇವಿನ ಮರವನ್ನು ಬಳಸಿ ಮತ್ತೆ ಕಟ್ಟೆಗೇ ಬಂದು ಸೇರುವ ಒಂದು ಕಾಲುದಾರಿ, ಗೋಡೆಯ ಬಣ್ಣವನ್ನೇ ಬಳಿದುದರಿಂದ ಕಣ್ಣಿಗೆ ಬೀಳದ ಹೊರಗೇಟು, ಕೂತು ಬೇಳೆ ಹಸನು ಮಾಡಲು ನೆರಳಿನ ಜಾಗ: ಇವಕ್ಕೆ ವೆಚ್ಚವೆಷ್ಟು? ಮನೆ ಹೊಸದಾದಾಗಲೂ ಹಿರಿಯರ ಮಂಚವನ್ನೂ ಟ್ರಂಕನ್ನೂ ಕಂಬಳಿಯನ್ನೂ ಎಸೆಯದಿರುವುದಕ್ಕಂತೂ ಕಾಸೂ ಬೇಡ.

ಸರ್ಕಾರಿ ಕಟ್ಟಡಗಳ ವಿಷಯದಲ್ಲಿ ನಮ್ಮ ಮಾತು ಬೇಡಿಕೆಯಾಗಿಯೇ ಇರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ದಿಕ್ಕಿನ ಅರಿವು, ಸ್ಮೃತಿಗಳ ತೀವ್ರ ದೋಷವನ್ನು ಸೇರಿಸಿದೆ. ಸುಗಮ ಪ್ರವೇಶದ ನಿಯಮಗಳಿಗೆ ಹೊಂದದ ನಕ್ಷೆಗೆ ಅನುಮತಿ ಸಲ್ಲದೆಂದು ಅದರ 44ನೆಯ ಕಲಮು ವಿಧಿಸುತ್ತದೆ. ಹೀಗಿದ್ದೂ ನಮ್ಮ ಎಂಜಿನಿಯರುಗಳು ಗಾಲಿಕುರ್ಚಿಗೊಂದು ಇಳಿಜಾರು ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಆದಕಾರಣ ಮುಂದಿನ ಗ್ರಾಮಸಭೆಯಲ್ಲಿ ತಾವೆಲ್ಲರೂ ಎದ್ದುನಿಂತು, ಇನ್ನು ಮುಂದೆ ಆರೋಗ್ಯ ಕೇಂದ್ರವಾಗಲಿ ಪಂಚಾಯಿತಿ ಕಚೇರಿಯಾಗಲಿ ಹೊಳೆಯದ ನೆಲ, ಚಿತ್ರಫಲಕ, ಎದ್ದುಕಾಣುವ ಪಾಯಖಾನೆಯ ಬಾಗಿಲುಗಳಿಲ್ಲದೆ ಕಟ್ಟಲ್ಪಡಬಾರದೆಂದು ಠರಾವು ಮಾಡಿಸಬೇಕು. ಮನೆಯಲ್ಲಿ ಇಂಥ ಹಿರಿಯರಿರುವವರು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಅವರನ್ನು ತೋರಿಸಿರಿ. ಸಲಹೆಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಓದಿದವರು ಈ ಹಾಳೆಯನ್ನು ತಮ್ಮ ಓಣಿಯ ಗೌಂಡಿಯ ಕೈಗೆ ಕೊಡಿರಿ.