ಇಲ್ಲೇನೈತಿ, ಬೆಂಗಳೂರಿಗೆ ಹೋಗ್ರಿ ಅನ್ನೋರಿಗೆ

“ಗೊರೇಬಾಳದಾಗ ಏನೈತ್ರೀ ಇಂಥಾ ಹುಡುಗ್ರಿಗೆ? ಬೆಂಗಳೂರಿಗೆ ಕರ್ಕೊಂಡು ಹೋಗ್ರಿ.” ಈ ಮಾತು ಎಷ್ಟು ಮಂದಿ ಬಾಯಾಗ ಕೇಳೀನೋ ಲೆಕ್ಕ ಇಲ್ಲ. ಡಾಕ್ಟರ್ ಅಂದ್ರು, ಮಾಸ್ತರ್ ಅಂದ್ರು, ನಮ್ಮ ಬೀಗರೂ ಅಂದ್ರು. ಹೇಳೋರಿಗೇನು, ಹಗುರ ಮಾತು. ಬೆಂಗಳೂರು ಸುಮಾರು ನಾಕುನೂರು ಕಿಲೋಮೀಟರ್. ವಾರಕ್ಕ ಎರಡು ಸಲ ಥೆರಪಿ ಅಂದ್ರ ಎಮ್ಮಿ, ಭತ್ತದ ಗದ್ದಿ, ವಯಸ್ಸಾದ ಅತ್ತಿ-ಮಾವ ಎಲ್ಲಾ ಬಿಟ್ಟು ಆ ತಾಯಿ ಅಲ್ಲಿ ಬಾಡಿಗಿ ಮನಿ ಮಾಡ್ಬೇಕೇನು? ಬಾಡಿಗಿ ಯಾರು ಕಟ್ಟೋರು?

ನಾನು ಹೇಳೋದು ಆಟಿಸಮ್ ವಿಷಯ. ಪುಸ್ತಕದಾಗ ಸ್ವಲೀನತೆ ಅಂತ ಬರೀತಾರ. ನನ್ನ ತಂಗಿ ಮೊಮ್ಮಗಗ ಈಗ ಐದು ವರ್ಷ. ಹೆಸರು ಹಿಡಿದು ಕರದ್ರ ತಿರುಗಿ ನೋಡೋದಿಲ್ಲ. ನೀರು ಬೇಕಂದ್ರ ಬಟ್ಟು ಮಾಡಿ ತೋರ್ಸೋದಿಲ್ಲ, ನಮ್ಮ ಕೈ ಹಿಡಿದು ಕೊಡದ ತನಕ ಎಳಕೊಂಡು ಹೋಗ್ತಾನ. ಮಿಕ್ಸರ್ ಹಚ್ಚಿದ್ರ ಕಿವಿ ಮುಚ್ಚಿ ಚೀರ್ತಾನ. ಸೈಕಲ್ ಗಾಲಿ ತಿರುವಿಕೋತ ತಾಸುಗಟ್ಲೆ ಕುಂದರ್ತಾನ.

ಮೊದಲು ನಮ್ಮ ನಮ್ಮ ಬಾಯಿದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. “ಬಸರಿದ್ದಾಗ ಗ್ರಹಣ ನೋಡಿರಬೇಕು”, “ಮೊಬೈಲ್ ಕೊಟ್ಟು ಕೆಡಿಸಿದ್ಲು”, “ಕೂಸಿನ ಎತ್ತಿ ಆಡ್ಸಿಲ್ಲ” – ಇವು ಮೂರೂ ನಮ್ಮ ಓಣ್ಯಾಗಿನ ಮಾತು, ಮೂರೂ ಸೊಸಿ ತಲಿ ಮ್ಯಾಲೇ. ಗಂಡಸಿನ ಕಡಿ ಒಬ್ರೂ ಬಟ್ಟು ತೋರ್ಸಲಿಲ್ಲ. ಅಮೆರಿಕದ ದೊಡ್ಡ ದೊಡ್ಡ ಡಾಕ್ಟರೂ ಹಿಂಗೇ ಮಾಡಿದ್ರು. 1943ರಾಗ ಲಿಯೋ ಕ್ಯಾನರ್ ಅನ್ನೋರು ಇಂಥಾ ಮಕ್ಕಳ ಬಗ್ಗೆ ಬರದ ಮ್ಯಾಲೆ, ತಾಯಂದ್ರಿಗೆ ಪ್ರೀತಿ ಇಲ್ಲ, ಫ್ರಿಜ್ ಇದ್ದಂಗ ತಣ್ಣಗ ಅದಾರ ಅಂತ ಭಾಳ ವರ್ಷ ಬೈಕೋತ ಬಂದ್ರು. 1964ರಾಗ ಬರ್ನಾರ್ಡ್ ರಿಮ್ಲೆಂಡ್ ಅನ್ನೋರು, ಅವರೂ ಅಂಥಾ ಮಗನ ತಂದೀನ, ತಪ್ಪು ತಾಯಿದಲ್ಲ, ಇದು ಮೆದುಳಿಗೆ ಸೇರಿದ ವಿಷಯ ಅಂತ ಪುಸ್ತಕಾನ ಬರದು ಅವರ ಬಾಯಿ ಮುಚ್ಚಿಸಿದ್ರು. ಅರವತ್ತು ವರ್ಷದ ಹಿಂದ ಅಲ್ಲಿ ಸತ್ತ ಮಾತು ನಮ್ಮ ಕಟ್ಟಿ ಮ್ಯಾಲೆ ಇನ್ನಾ ಉಸಿರಾಡ್ತೈತಿ.

ಇನ್ನ ಸಮಾಧಾನ ಹೇಳೋರು. “ಗಂಡು ಹುಡುಗ್ರು ತಡಾನ ಮಾತಾಡ್ತಾವ, ನಮ್ಮ ಮಾವನೂ ಐದು ವರ್ಷಕ್ಕ ಬಾಯಿ ಬಿಟ್ಟಿದ್ದ.” ಬೈಯೋರಕಿಂತ ಇವರಿಂದಾನ ಹೆಚ್ಚು ಲುಕ್ಸಾನ. ಎರಡು ವರ್ಷದೊಳಗ ಗುರುತು ಹಿಡಿದು ಕಲಿಸಾಕ ಶುರು ಮಾಡಿದ್ರ ಕೂಸಿಗೆ ಅನುಕೂಲ. ನಾವು ಮಾವನ ಕಥಿ ಹೇಳಿಕೋತ ಮೂರು ವರ್ಷ ಕಳೀತೀವಿ. ಹರಕಿ ಬ್ಯಾಡ ಅಂತ ನಾ ಅನ್ನೋದಿಲ್ಲ. ಅಂಬಾಮಠಕ್ಕ ನಾನೂ ಹೊತ್ತೀನಿ. ಹರಕಿ ಹೊತ್ತೋರು ತಪಾಸಣಿ ಮಾಡಿಸಬಾರದು ಅಂತ ಯಾವ ದೇವಿ ಹೇಳ್ಯಾಳ?

ಈಗ ‘ಇಲ್ಲೇನೈತಿ’ ಅನ್ನೋ ಮಾತಿಗೆ ಬರ್ತೀನಿ. ಅದು ಅರ್ಧ ಸುಳ್ಳು, ಅರ್ಧ ಖರೇ.

ಸುಳ್ಳು ಯಾವುದು ಅಂದ್ರ, ಬಾಗಿಲು ಅದಾವ, ನಾವು ಬಡೀವಲ್ಲಿವಿ. ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಸರಕಾರಿ ಸಾಲಿಗೆ ಒಂದು ಸಲ ಮಕ್ಕಳ ತಪಾಸಣಿ ತಂಡ ಬರಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತಾರ ಅದಕ್ಕ. ಅವತ್ತು ಕೂಸಿನ್ನ ಮನ್ಯಾಗ ಮುಚ್ಚಿ ಇಡೋರು ನಾವ. ಪಂಚಾಯತಿಗೊಬ್ರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರಬೇಕು. ಕಾರ್ಡು, ಅರ್ಜಿ ಮಾಡಿಸೋದು ಅವರ ಕೆಲಸ. ಪಂಚಾಯತಿ ತನ್ನ ರೊಕ್ಕದಾಗ ನೂರಕ್ಕ 5 ರೂಪಾಯಿ ಅಂಗವಿಕಲರಿಗಂತ ತೆಗೆದಿಡಬೇಕು. ಆ ಐದು ರೂಪಾಯಿ ಎಲ್ಲಿ ಹೋತು ಅಂತ ಗ್ರಾಮಸಭೆದಾಗ ಯಾವ ಹೆಣ್ಮಗಳಾದ್ರೂ ಎದ್ದು ಕೇಳ್ಯಾಳೇನು?

ಒಂದು ಕಚೇರ್ಯಾಗ ನಮ್ಮ ತಂಗಿಗೆ, “ಕೈಕಾಲು ನೆಟ್ಟಗ ಅದಾವಲ್ಲಮ್ಮ, ಇವ ಎಂಥಾ ಅಂಗವಿಕಲ?” ಅಂದ್ರು. ಆಕಿ ಅಳಕೋತ ಬಂದ್ಲು. ಹಿಂಗಂದ್ರ ಅಳಬ್ಯಾಡ್ರಿ. 2016ರ ಕಾಯ್ದೆದಾಗ 21 ನಮೂನಿ ಅಂಗವೈಕಲ್ಯ ಅದಾವ, ಅದರಾಗ ಆಟಿಸಮ್ ಒಂದು. ನಲವತ್ತು ಪರ್ಸೆಂಟ್ ಮ್ಯಾಲೆ ಬರೆದ ಸರ್ಟಿಫಿಕೇಟ್ ಇದ್ರ ಆರರಿಂದ ಹದಿನೆಂಟು ವರ್ಷದ ತನಕ ಫೀಸಿಲ್ಲದ ಶಿಕ್ಷಣ ಹಕ್ಕು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದಿ ಅಡಿ ನಿರಾಮಯ ಅಂತ ವಿಮಾ ಐತಿ, ವರ್ಷಕ್ಕ 1 ಲಕ್ಷದ ತನಕ, ಥೆರಪಿ ಖರ್ಚೂ ಅದರಾಗ ಬರ್ತೈತಿ. ಮೈಸೂರಾಗ 1965ರಿಂದ ವಾಕ್ ಮತ್ತು ಶ್ರವಣ ಸಂಸ್ಥೆ ಐತಿ, ಬೆಂಗಳೂರಾಗ ನಿಮ್ಹಾನ್ಸ್ ಐತಿ. ಏನಂತ ತಿಳ್ಕೊಳ್ಳಾಕ ಒಂದು ಸಲ ಹೋಗಿ ಬರ್ರಿ, ಬ್ಯಾಡ ಅನ್ನೋರು ಯಾರು.

ಖರೇ ಏನಂದ್ರ, ವಾರಾ ವಾರಾ ಕಲಿಸೋರು ನಮ್ಮ ಹತ್ರ ಇಲ್ಲ. ಮಾತು ಕಲಿಸೋರು, ಕೈಕೆಲಸ ಕಲಿಸೋರು ದೊಡ್ಡ ಊರಾಗ ಕುಂತಾರ. ಇದು ನಮ್ಮ ಎಡದಂಡಿ ಕಾಲುವಿ ಕಥಿನ. ಮ್ಯಾಲಿನೋರ ಗದ್ದಿ ತುಂಬಿ ಹರೀತೈತಿ, ಕೊನೇ ಭಾಗದೋರಿಗೆ ಬರೇ ಹೂಳು. ಆದ್ರ ನೀರು ಬರಲಿಲ್ಲಂದ್ರ ನಮ್ಮ ಗಂಡಸ್ರು ರಸ್ತಾ ಬಂದ್ ಮಾಡ್ತಾರ. 2024ರ ಆಗಸ್ಟ್‌ದಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಮಂತ್ರಿಗಳು, ಎಂಜಿನಿಯರ್‌ಗಳು ಓಡಿ ಬಂದು ಒಂದು ವಾರದಾಗ ತಾತ್ಕಾಲಿಕ ಗೇಟು ಕೂಡಿಸಿದ್ರು. ಬೆಳಿ ಒಣಗಿದ್ರ ಇಷ್ಟು ಗದ್ದಲ ಮಾಡೋರು, ಮಕ್ಕಳು ಮನ್ಯಾಗ ಒಣಗಿದ್ರ ಯಾಕ ಸುಮ್ಮನ ಕುಂತೀವಿ? 371ಜೆ ಬಂದು ಹತ್ತು ವರ್ಷದ ಮ್ಯಾಲಾತು. ಹಿಂದುಳಿದ ಭಾಗ ಅಂತ ವಿಶೇಷ ಸ್ಥಾನ ಕೊಟ್ಟ ಮ್ಯಾಲೂ ವಾರಕ್ಕ ಒಂದು ದಿನ ಸಿಂಧನೂರು ಆಸ್ಪತ್ರಿಗೆ, ಒಂದು ದಿನ ಲಿಂಗಸುಗೂರಿಗೆ, ಒಂದು ದಿನ ಮಸ್ಕಿಗೆ ಒಬ್ಬ ಥೆರಪಿಯೋರನ್ನ ಕಳಿಸಾಕ ಆಗೋದಿಲ್ಲಂದ್ರ ನಾ ಒಪ್ಪೋದಿಲ್ಲ.

“ಸುಮ್ಮನಿರು, ಊರಿಗೆಲ್ಲಾ ಗೊತ್ತಾದ್ರ ಅವನ ಅಕ್ಕನ ಮದವಿ ಹೆಂಗಾಗ್ಬೇಕು” ಅಂತ ನಮ್ಮ ನೆಗೆಣ್ಣಿ ಅಂದ್ಲು. ಊರಿಗೆ ಮೊದಲೇ ಗೊತ್ತೈತಿ. ಬಾಯಿ ಬಿಟ್ಟು ಹೇಳೋರಿಲ್ಲ ಅಷ್ಟ. ನಮ್ಮ ಸುತ್ತಮುತ್ತ ಇಂಥಾ ಮನಿ ನಾಕು ನನಗ ಗೊತ್ತದಾವ, ನಾಕೂ ಒಂದಕ್ಕೊಂದು ಗೊತ್ತಿಲ್ಲದಂಗ ಕುಂತಾವ.

ಅರ್ಜಿ ಬರದು ಇಟ್ಟೀನಿ. ಆಸ್ಪತ್ರಿಗೆ ಥೆರಪಿಯೋರು ಬೇಕು, ಐದು ಪರ್ಸೆಂಟ್ ಲೆಕ್ಕ ಬೇಕು, ಎರಡೇ ಮಾತು. ಮುಂದಿನ ಗ್ರಾಮಸಭೆಗೆ ನಾನು, ನನ್ನ ತಂಗಿ ಹೊಂಟೀವಿ. ಸಹಿ ಮಾಡೋರು ಮಧ್ಯಾಹ್ನ ಊಟ ಆದ ಮ್ಯಾಲೆ ಬರ್ರಿ. ಸಹಿ ಬರದಿದ್ರ ಹೆಬ್ಬಟ್ಟಾದ್ರೂ ನಡೀತೈತಿ, ಇಂಕ್ ಪ್ಯಾಡ್ ತರಿಸೀನಿ. ಕೂಸಿನ್ನೂ ಕರ್ಕೊಂಡು ಬರ್ರಿ. ಅವತ್ತು ಮಿಕ್ಸರ್ ಹಚ್ಚೋದಿಲ್ಲ, ಚಟ್ನಿ ಒಳ್ಳಾಗ ಅರೀತೀನಿ.