ತೊಣ್ಣೂರು ಕೆರೆಯ ದಡ ಯಾರಿಗೆ?

ಪಾಂಡವಪುರದಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ತಿಳಿನೀರು ತೊಣ್ಣೂರು ಕೆರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ರಾಜಧಾನಿ ಇಲ್ಲಿಗೆ ಇನ್ನೂ ಹತ್ತಿರವಾಗಿದೆ. ರೆಸಾರ್ಟ್, ಹೋಂಸ್ಟೇ, ಜಲಕ್ರೀಡೆಗಳಿಗೆ ಈ ದಡವನ್ನು ಇನ್ನಷ್ಟು ತೆರೆಯಬೇಕೆ? ಇಬ್ಬರು ಉತ್ತರಿಸಿದ್ದಾರೆ. ಎರಡನೆಯವರು ಮೊದಲನೆಯ ಬರಹ ಓದಿದ ಮೇಲೆ ಬರೆದರು.

ಪರ: ಹೊರಗಿನವರು ಬಂದೇ ಇದು ಊರಾಯಿತು

"ಹೊರಗ್ನೋರು ಬಂದು ಹಾಳ್ಮಾಡ್ತಾವ್ರೆ" ಎಂಬ ಮಾತು ನಮ್ಮ ಕಡೆ ಆಗಾಗ ಕಿವಿಗೆ ಬೀಳುತ್ತದೆ. ಹಾಗೆನ್ನುವವರನ್ನು ಕೈಹಿಡಿದು ತೊಣ್ಣೂರಿನ ನಂಬಿನಾರಾಯಣನ ಗುಡಿಗೆ ಕರೆದೊಯ್ಯಬೇಕು ಅನಿಸುತ್ತದೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನ ಕುಸುರಿ ಇಲ್ಲಿಲ್ಲ. ದಪ್ಪ ಕಂಬ, ಸರಳ ಗೋಡೆ, ನೋಡಿದರೆ ಚೋಳನಾಡಿನ ಗುಡಿಯ ಗತ್ತು. ಊರಿನ ಶಾಸನಗಳಲ್ಲೂ ಕನ್ನಡದ ಜೊತೆಗೆ ತಮಿಳಿದೆ. ರಾಜ್ಯ ಹೊಯ್ಸಳರದು, ಭಕ್ತಿ ಬಂದದ್ದು ಕಾವೇರಿಯ ಕೆಳದಂಡೆಯಿಂದ. ಚೋಳರ ಕಾಟ ತಾಳದೆ ಬಂದ ರಾಮಾನುಜಾಚಾರ್ಯರಿಗೆ ಶಿಷ್ಯ ತೊಂಡನೂರು ನಂಬಿಯ ಈ ಊರು ಆಸರೆಯಾಯಿತು. ಕೆರೆಗೆ ತಿರುಮಲಸಾಗರ ಎಂದು ಹೆಸರಿಟ್ಟವರು ಆಚಾರ್ಯರೇ ಎನ್ನುತ್ತದೆ ಪರಂಪರೆ. ದೆಹಲಿಯ ಸೈನ್ಯ ಹಳೇಬೀಡನ್ನು ಹಾಳುಗೆಡವಿದಾಗ ಮೂರನೆಯ ಬಲ್ಲಾಳ ಬಂದು ನಿಂತದ್ದೂ ಇಲ್ಲೇ. 1746ರಲ್ಲಿ ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಈ ನೀರು ಕಂಡು 'ಮೋತಿ ತಲಾಬ್', ಮುತ್ತಿನ ಕೆರೆ ಎಂದ. ಪಕ್ಕದ ಹಿರೋಡೆ, ಇಂದಿನ ಪಾಂಡವಪುರ, ಹೈದರ್ ಮತ್ತು ಟಿಪ್ಪುವಿನ ಬಳಿಯಿದ್ದ ಫ್ರೆಂಚ್ ಸಿಪಾಯಿಗಳ ಬೀಡಿನಿಂದಾಗಿ ಬಹುಕಾಲ 'ಫ್ರೆಂಚ್ ರಾಕ್ಸ್' ಎನಿಸಿಕೊಂಡಿತ್ತು. ತಮಿಳು, ಪಾರಸಿ, ಫ್ರೆಂಚ್ ಎಲ್ಲ ಹಾದುಹೋದ ನೆಲದಲ್ಲಿ ನಿಂತು 'ಹೊರಗಿನವರು' ಎಂಬುದನ್ನು ಬೈಗುಳ ಮಾಡಿಕೊಳ್ಳುವುದು ನಮಗೆ ಒಪ್ಪುವುದಿಲ್ಲ.

ಇನ್ನು ಅನ್ನದ ಮಾತು. ಕೃಷ್ಣರಾಜಸಾಗರದ ನಾಲೆ ಬಂದ ಮೇಲೆ ಮಂಡ್ಯ ಸೀಮೆ ಕಬ್ಬು, ಭತ್ತಗಳನ್ನೇ ನಂಬಿ ಬದುಕಿತು. ಅಪ್ಪನ ಎರಡೆಕರೆ ಮೂವರು ಮಕ್ಕಳಿಗೆ ಹಂಚಿದಾಗ ಉಳಿಯುವುದರಲ್ಲಿ ಸಂಸಾರ ನಡೆಯುವುದಿಲ್ಲ. ನಮ್ಮ ಆಲೆಮನೆಗಳ ಕೊಪ್ಪರಿಗೆ ಮುಂದೆ ಉತ್ತರ ಪ್ರದೇಶದಿಂದ ಬಂದ ಹುಡುಗರು ಬೇಯುತ್ತಿದ್ದಾರೆ, ನಮ್ಮ ಹುಡುಗರು ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದಾರೆ. ಎರಡೂ ಕಡೆಯವರು ಮನೆಯಿಂದ ದೂರ.

2023ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋದರು. 'ಬ್ರಹ್ಮಚಾರಿಗಳ ಪಾದಯಾತ್ರೆ' ಎಂಬ ಹೆಸರು ಕೇಳಿ ನಕ್ಕವರು ಬಹಳ ಮಂದಿ. ನನಗೆ ನಗು ಬರಲಿಲ್ಲ. ಭ್ರೂಣದಲ್ಲೇ ಹೆಣ್ಣನ್ನು ಕೊಂದ ಪಾಪ ಅದರ ಹಿಂದಿದೆ, ಅದನ್ನು ಮುಚ್ಚಿಡಲಾರೆ. ಆದರೆ ಮಗಳನ್ನು ವ್ಯವಸಾಯಗಾರನಿಗೆ ಕೊಡಲು ತಾಯಿ ಹಿಂಜರಿಯುವುದು, ತಿಂಗಳಾದರೆ ಕೈಗೆ ನಾಲ್ಕು ಕಾಸು ಬರುವ ಬದುಕು ಊರಿನಲ್ಲಿ ಇಲ್ಲದ್ದರಿಂದ.

ಕೆರೆಯ ದಡದಲ್ಲಿ ಅಂಥ ಬದುಕು ಹುಟ್ಟಬಲ್ಲುದು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದೇ ಹೊಯ್ಸಳರ ತೊಣ್ಣೂರಿನ ಕಥೆಯನ್ನು ಗುಡಿಯ ಮುಂದೆ ನಿಂತು ಹೇಳುವ ಊರಿನ ಹುಡುಗಿ ಇರಲಿ. ಮುದ್ದೆ, ಉಪ್ಸಾರು ಬಡಿಸುವ ಮನೆಗಳಿರಲಿ. ಕಾಯ್ದುಕೊಂಡು ತೆರೆಯಲು ಆಗುವುದಿಲ್ಲವೇ? ರಂಗನತಿಟ್ಟು ದೂರವೇನಿಲ್ಲ. 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸರ್ ತಾಣ. ಅಲ್ಲಿ ಹುಟ್ಟು ಹಾಕುವ ದೋಣಿಯಲ್ಲಿ ಜನ ಹೋಗಿ ನೋಡಿ ಬರುತ್ತಾರೆ, ಹಕ್ಕಿ ಗೂಡು ಕಟ್ಟುವುದನ್ನು ಬಿಟ್ಟಿಲ್ಲ.

ವಿರೋಧ: ಬಂದವರು ಏನು ಬಿಟ್ಟುಹೋದರು?

ಗೆಳೆಯರು ಹೇಳಿದ ಇತಿಹಾಸವನ್ನು ಒಪ್ಪುತ್ತೇನೆ. ರಾಮಾನುಜರು ಹೊರಗಿನವರು. ಬಂದವರು ನೆಲೆನಿಂತರು, ಈ ಕೆರೆಯ ನೀರು ಕುಡಿದರು. ಊರು ದೂರವಿಟ್ಟಿದ್ದ ಜನರನ್ನು ಮೇಲುಕೋಟೆಯಲ್ಲಿ 'ತಿರುಕುಲದವರು' ಎಂದು ಕರೆದು ಗುಡಿಗೆ ಸೇರಿಸಿಕೊಂಡರು ಎಂದು ಇಂದಿಗೂ ನೆನೆಯುತ್ತೇವೆ. ಆದರೆ ಗೆಳೆಯರ ಪಟ್ಟಿಯಲ್ಲಿ ಒಂದು ಘಟನೆ ಬಿಟ್ಟುಹೋಗಿದೆ. ಇಂಗ್ಲಿಷರ ದಂಡಿಗೆ ನೀರು ದಕ್ಕಬಾರದೆಂದು ಟಿಪ್ಪು ಸುಲ್ತಾನ್ ಇದೇ ಕೆರೆಯ ಏರಿ ಒಡೆಸಿದ. ಸಮುದ್ರದಾಚೆಯ ಎರಡು ದೇಶಗಳ ಪೈಪೋಟಿಯೂ ಬೆರೆತಿದ್ದ ಕಾಳಗ ಅದು. ಆ ಪೈಪೋಟಿ ಒಂದು ಊರಿಗೆ ಫ್ರೆಂಚ್ ಹೆಸರು ಕೊಟ್ಟಿತು, ಇನ್ನೊಂದು ಊರಿನ ನೀರನ್ನು ಹರಿಯಬಿಟ್ಟಿತು. ಆ ವರ್ಷ ಏರಿಯ ಕೆಳಗೆ ಉತ್ತು ಬಿತ್ತುತ್ತಿದ್ದವರನ್ನು ಯಾರಾದರೂ ಕೇಳಿರಬಹುದೇ? ದೊಡ್ಡ ಜಗತ್ತು ಮನೆ ಬಾಗಿಲಿಗೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವವರು ಅವರು.

ಕೆರೆ ಎಂದರೆ ದಡದಿಂದ ಕಾಣುವ ನೀಲಿಯಷ್ಟೇ ಆಗಿದ್ದರೆ ನನಗೂ ತಕರಾರಿರಲಿಲ್ಲ. ಅದಕ್ಕೆ ತೂಬಿದೆ, ಕೋಡಿಯಿದೆ, ಕೆಳಗೆ ಅಚ್ಚುಕಟ್ಟಿದೆ. ತೂಬೆತ್ತಿದರೆ ನೀರು ಇಳಿಯುತ್ತದೆ, ದಡದಲ್ಲಿ ಕೆಸರು ಏಳುತ್ತದೆ. ಗದ್ದೆಯವನಿಗೆ ಆ ಕೆಸರು ಬೆಳೆಯ ಗುರುತು. ದೋಣಿ ನಡೆಸುವವನಿಗೆ, ಕೆರೆಗೆ ಮುಖ ಮಾಡಿದ ಕೋಣೆಯನ್ನು ಬಾಡಿಗೆಗೆ ಕೊಡುವವನಿಗೆ ಅದೇ ನಷ್ಟ. ಈ ಎರಡು ಆಸೆಗಳು ಒಂದೇ ನೀರಿನಲ್ಲಿ ಒಟ್ಟಿಗೆ ಬಾಳುವುದು ಮಳೆ ಚೆನ್ನಾಗಿರುವ ವರ್ಷ ಮಾತ್ರ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ತೂಬು ಎತ್ತಬೇಕೋ ಬೇಡವೋ ಎಂಬ ಮಾತು ಬಂದರೆ, ತಾಲ್ಲೂಕು ಕಚೇರಿಯಲ್ಲಿ ಕುರ್ಚಿ ಸಿಗುವುದು ಯಾರಿಗೆ ಎಂದು ನಾವು ಕಂಡಿದ್ದೇವೆ.

ಜಮೀನಿನ ಮಾತು ಇನ್ನೂ ಕಹಿ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದವು. ಉಳುವವನಲ್ಲದವನೂ ಹೊಲ ಕೊಳ್ಳಬಹುದು. ಸಾಲದಲ್ಲಿರುವ ಮನೆಯ ಮುಂದೆ ಕಾರು ನಿಲ್ಲಿಸಿ ಎಕರೆಗೆ ಇಷ್ಟು ಎಂದು ಹೇಳಿದರೆ ಬೇಡ ಎನ್ನಲು ಎದೆ ಬೇಕು. ಮಾರಿದ ದುಡ್ಡು ಒಂದು ಮದುವೆ, ಒಂದು ಮನೆ, ಒಂದು ಆಸ್ಪತ್ರೆಯಲ್ಲಿ ಕರಗುತ್ತದೆ. ಆಮೇಲೆ ಅದೇ ಹೊಲದ ಗೇಟಿನಲ್ಲಿ ಹೊಲ ಮಾರಿದವನ ಮಗ ಕಾವಲುಗಾರ. ಹುಡುಗರ ಕೆಲಸದ ಬಗ್ಗೆ ಗೆಳೆಯರು ಬರೆದದ್ದು ನನ್ನನ್ನು ಚುಚ್ಚಿತು, ನನ್ನ ತಮ್ಮನೂ ಬೆಂಗಳೂರಿನಲ್ಲಿದ್ದಾನೆ. ಅವನು ವಾಪಸು ಬರಲಿ ಎಂಬ ಆಸೆ ನನಗಿದೆ, ಆ ಗೇಟಿಗೆ ಬರಲಿ ಎಂಬ ಆಸೆಯಿಲ್ಲ. ಇನ್ನು ರಂಗನತಿಟ್ಟು: ಅಲ್ಲಿ ದೋಣಿ, ದಡ ಎರಡೂ ಅರಣ್ಯ ಇಲಾಖೆಯ ಕೈಯಲ್ಲಿವೆ. ಇಲ್ಲಿ ದಡದ ಪಕ್ಕದ ನೆಲ ದುಡ್ಡಿದ್ದವರ ಕೈ ಸೇರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇದೇ ತಾಲ್ಲೂಕಿನ ಬೇಬಿ ಬೆಟ್ಟವನ್ನು ನೋಡಿ ಬನ್ನಿ. ಜಲ್ಲಿಗಾಗಿ ಬೆಟ್ಟ ಸಿಡಿಯಿತು. ಆ ಸಿಡಿತ ಕೃಷ್ಣರಾಜಸಾಗರ (ಕೆಆರ್‌ಎಸ್) ಅಣೆಕಟ್ಟೆಗೆ ಅಪಾಯ ಎಂಬ ಕೂಗು ವರ್ಷಗಟ್ಟಲೆ ಎದ್ದ ಮೇಲೆ, ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಯನ್ನು ಹೈಕೋರ್ಟ್ 2024ರ ಜನವರಿಯಲ್ಲಿ ತಡೆಯಿತು. ಕೋರ್ಟು ಮಾತಾಡುವ ಹೊತ್ತಿಗೆ ಬೆಟ್ಟ ಮೊದಲಿನ ಬೆಟ್ಟವಾಗಿ ಉಳಿದಿರಲಿಲ್ಲ.

ನಾವು ಜಗತ್ತಿಗೆ ಬಾಗಿಲು ಹಾಕಿಕೊಂಡ ಜನರಲ್ಲ. ಇದು ರೈತ ಸಂಘದ ನಾಯಕರಾಗಿದ್ದ ಕೆ.ಎಸ್. ಪುಟ್ಟಣ್ಣಯ್ಯನವರ ತಾಲ್ಲೂಕು. ಅವರ ಮಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸಿ ಬಂದು 2023ರಲ್ಲಿ ಮೇಲುಕೋಟೆ ಕ್ಷೇತ್ರದ ಶಾಸಕರಾದರು. ಹೋಗುವುದೂ ಬರುವುದೂ ನಮಗೆ ಗೊತ್ತು. ಆದರೆ ಬೀಜ, ನೀರು, ನೆಲ ಯಾರ ಹಿಡಿತದಲ್ಲಿರಬೇಕು ಎಂದು ಕೇಳುವುದನ್ನೂ ರೈತ ಸಂಘ ನಮಗೆ ಕಲಿಸಿದೆ. 2025ರಲ್ಲಿ ಕೆಆರ್‌ಎಸ್‌ನ ಬೃಂದಾವನದ ಬಳಿ ಅಮ್ಯೂಸ್‌ಮೆಂಟ್ ಪಾರ್ಕ್, ಕಾವೇರಿ ಆರತಿ ಎಂಬ ಯೋಜನೆಗಳು ಬಂದಾಗ ರೈತರು ಬೀದಿಗಿಳಿದದ್ದು ಆ ಕಲಿಕೆಯಿಂದಲೇ.

ಗುಡಿಯ ಕಥೆ ಹೇಳುವ ಹುಡುಗಿ ಬೇಕು ಎಂದಿರಿ. ಬೇಕು. ಮುದ್ದೆ ಬಡಿಸುವ ಮನೆಗಳೂ ಬೇಕು, ಅದಕ್ಕೆ ಊರೊಳಗಿನ ಜಗಲಿ ಸಾಕು, ಕೆರೆಯ ದಡವೇ ಆಗಬೇಕಿಲ್ಲ. ದಡದಲ್ಲಿ ಏನಾದರೂ ಕಟ್ಟುವ ಮಾತು ಬಂದ ದಿನ ಗ್ರಾಮಸಭೆ ಏರಿಯ ಮೇಲೆಯೇ ಸೇರಲಿ. ಮೊದಲ ಮಾತು ಅಚ್ಚುಕಟ್ಟಿನ ಕೊನೆಯ ಗದ್ದೆಯವನದಾಗಲಿ, ಏಕೆಂದರೆ ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಅವನ ಪೈರು. ಅವನ ಸಹಿ ಬೀಳುವವರೆಗೆ ಒಂದು ಕಂಬವೂ ಈ ನೀರಿಗೆ ಇಳಿಯಬಾರದು.